ಎಕಾಲಜಿ, ಎವಲ್ಯೂಷನ್ (ಪರಿಸರ, ಜೀವವಿಕಾಸ) ಎಂಎಸ್ಸಿ ಮಾಡಬೇಕಂತೀನಿ, ಮನ್ಯಾಗ ಬಿಎಡ್ ಅಂತಾರ. ಗೊತ್ತಿದ್ದವರು ಹೇಳ್ರಿ

ಎರಿಹೊಲದಾಕಿ
ಎಲ್ಲಾರಿಗೂ ನಮಸ್ಕಾರ. ನಾನು ಮಾನ್ವಿ ತಾಲೂಕಿನಾಕಿ. ಬಳ್ಳಾರಿಯಾಗ ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜೂಆಲಜಿ) ಕಡೀ ವರ್ಷ, ಹಾಸ್ಟೆಲ್‌ನ್ಯಾಗ ಇದ್ದು ಓದ್ಲಿಕತ್ತೀನಿ.

ನಮ್ದು ಆರು ಎಕರೆ ಎರಿ ಹೊಲ, ಹತ್ತಿ ಹಾಕ್ತೀವಿ. ಹೋದ ದೀಪಾವಳಿ ಸೂಟಿಗೆ ಊರಿಗೆ ಹೋದಾಗ ಅಪ್ಪ ಒಂದು ಕಾಯಿ ಒಡೆದು ಕೈಯಾಗಿಟ್ರು. ಮ್ಯಾಲೆ ನೋಡಿದ್ರ ಕಾಯಿ ಚಂದನೇ ಅದ, ಒಳಗ ಗುಲಾಬಿ ಬಣ್ಣದ ಹುಳ. "ಬಿಟಿ ಬೀಜ, ಹುಳ ಬೀಳಂಗಿಲ್ಲ ಅಂತ ಹೇಳಿ ರೊಕ್ಕ ಇಸ್ಕೊಂಡ್ರು. ನೀ ಸೈನ್ಸ್ ಓದಾಕಿ, ಇದು ಹೆಂಗ ಬಂತು ಹೇಳವ್ವ" ಅಂದ್ರು. ಬಿಟಿ ಅಂದ್ರ ಹುಳ ಕೊಲ್ಲೋ ವಿಷ ಗಿಡದೊಳಗೇ ತಯಾರಾಗೋ ಹಂಗ ಜೀನ್ ಸೇರಿಸಿದ ಬೀಜ ಅಂತ ಗೊತ್ತಿತ್ತು, ಆದ್ರ ನನ್ನ ಹತ್ರ ಉತ್ತರ ಇರ್ಲಿಲ್ಲ. ಬಳ್ಳಾರಿಗೆ ವಾಪಸ್ ಬಂದು ಒಂದು ವಾರ ಹುಡುಕಿ ಓದಿದ ಮ್ಯಾಲೆ ತಿಳೀತು. ಪರೀಕ್ಷೆಗೆ ನಾವು ಐದು ಮಾರ್ಕಿಗೆ ಬಾಯಿಪಾಠ ಮಾಡಿದ 'ನೈಸರ್ಗಿಕ ಆಯ್ಕೆ' ಅನ್ನೋದು ನಮ್ಮ ಹೊಲದಾಗ ನಡದದ. ಇಂಗ್ಲೆಂಡಿನ ಕರಿ ಪತಂಗ, ಬಿಳಿ ಪತಂಗದ ಚಿತ್ರ ಎಷ್ಟು ಸಲ ಬರದೀನಿ, ನಮ್ಮ ಹತ್ತಿ ಪತಂಗದ ಸುದ್ದಿ ಒಬ್ಬರೂ ಹೇಳಿರ್ಲಿಲ್ಲ. ಅವತ್ತಿನಿಂದ ಬ್ಯಾರೆ ಏನೂ ಓದೋ ಮನಸ್ಸಿಲ್ಲ.

ಆದ್ರ ದಾರಿ ಗೊತ್ತಿಲ್ಲ. ಬಳ್ಳಾರಿಯಾಗೇ ಎಂಎಸ್ಸಿ ಜೂಆಲಜಿ ಮಾಡಿದ್ರ ಸಾಕಾ, ಇಲ್ಲಾ ಎಕಾಲಜಿಗೇ ಅಂತ ಇರೋ ಕೋರ್ಸಿಗೆ ಹೊರಗ ಹೋಗ್ಬೇಕಾ? ಖರ್ಚು ಎಷ್ಟು, ಓದಿದ ಮ್ಯಾಲೆ ಹೊಟ್ಟಿಗೆ ಏನು? ಅಪ್ಪ ಬಿಎಡ್ ಮಾಡು ಅಂತಾರ. ಅವರದ್ದು ತಪ್ಪು ಅಂತ ನಾನು ಹೇಳಂಗಿಲ್ಲ, ನನ್ನ ಹಿಂದ ಇಬ್ಬರು ತಮ್ಮಂದಿರು ಅದಾರ.

ಸಿರುಗುಪ್ಪದ ಆಕಾಂಕ್ಷಿ
ತಂಗಿ, ಬಿಎಡ್ ಮಾಡು. ಹೈಸ್ಕೂಲಿಗೆ ಕರೆದಾಗ್ಲೆಲ್ಲ ಸಿಬಿಝಡ್‌ನೋರಿಗೆ ಪೋಸ್ಟ್ ಇರ್ತಾವೆ, ಮೇಲೆ ನಮ್ಮ ಕಲ್ಯಾಣ ಕರ್ನಾಟಕದೋರಿಗೆ 371ಜೆ ಮೀಸಲಾತಿ ಐತೆ. ಎಕಾಲಜಿ ಓದಿ ಊರಿಗೆ ಸಂಬಳ ಕಳಿಸಿದೋರನ್ನ ನಾನಂತೂ ನೋಡಿಲ್ಲ.

ದೇವದುರ್ಗದ ರೈತ
ಓದೋದು ಬಿಡೋದು ನಿನ್ನಿಷ್ಟ ಯವ್ವಾ. ಆದ್ರ ಹುಳದ ವಿಷಯ ನಾ ಹೇಳ್ತೀನಿ. ಮೊದಲ ನಾಕೈದು ವರ್ಷ ಒಂದು ಹುಳ ಇರ್ಲಿಲ್ಲ, ಆಮ್ಯಾಲೆ ಹುಳ ಬಿಟಿಗೆ ಒಗ್ಗಿಕೊಂಡ್ವು. ನಾವು ಊಟಕ್ಕ ಒಗ್ಗಿಕೊಂಡಂಗ.

ರಾಯಚೂರು ಕೃಷಿ ಪದವೀಧರ
ಅಣ್ಣಾರ, ಅಲ್ಲೇ ಒಂದು ತಿದ್ದುಪಡಿ. ಹುಳ ಒಗ್ಗಿಕೊಂಡಿಲ್ಲ. ಯಾವ ಹುಳನೂ ಬಿಟಿ ತಿಂದು ತಿಂದು ಅರಗಿಸಿಕೊಳ್ಳೋದು ಕಲಿಯಂಗಿಲ್ಲ. ತಿಂದಿದ್ದು ಸಾಯ್ತದ. ಆದ್ರ ಸಾವಿರಾರು ಹುಳದಾಗ ಹುಟ್ಟಾ ಆ ವಿಷ ತಡಿಯೋ ಗುಣ ಇರೋವು ಎಲ್ಲೋ ಒಂದೆರಡು ಇರ್ತಾವ. ಉಳಿದವು ಸತ್ತು ಹೋದ ಮ್ಯಾಲೆ ಆ ಒಂದೆರಡು ತಮ್ಮತಮ್ಮಲ್ಲೇ ಕೂಡಿ ಮರಿ ಮಾಡ್ತಾವ. ಹಂಗ ಸಂತತಿನೇ ಬದಲಾಗ್ತದ. ಈ ತಂಗಿ ಓದಬೇಕಂತಿರೋ ವಿಷಯ ಅದೇ.

ಬೀಜದ ಡಬ್ಬಿ ಜೋಡಿ ಇನ್ನೊಂದು ಸಣ್ಣ ಪಾಕೀಟು ಬರ್ತಿತ್ತಲ್ಲ, 450 ಗ್ರಾಂ ಬಿಟಿ ಜೋಡಿ 120 ಗ್ರಾಂ ಬಿಟಿ ಅಲ್ಲದ್ದು? ಅದನ್ನ ಹೊಲದ ಸುತ್ತ ಹಾಕ್ರಿ ಅಂತಿದ್ರು. ಯಾಕಂದ್ರ ವಿಷ ತಡಿಯೋ ಗುಣ ಬಹಳ ಸಲ ಅಡಗಿದ ಗುಣ, ಅವ್ವನ ಕಡಿಂದನೂ ಬರಬೇಕು ಅಪ್ಪನ ಕಡಿಂದನೂ ಬರಬೇಕು. ಸುತ್ತಲಿನ ಸಾದಾ ಹತ್ತಿಯೊಳಗ ಬೆಳೆದ ಸಾದಾ ಪತಂಗ ಬಂದು ಗಟ್ಟಿ ಪತಂಗದ ಜೋಡಿ ಕೂಡಿದ್ರ ಮರಿ ಮತ್ತ ಬಿಟಿ ತಿಂದು ಸಾಯ್ತಾವ. ಆ ಪಾಕೀಟು ನಮ್ಮ ಮಂದಿ ಏನು ಮಾಡಿದ್ರು ನಿಮಗ ಗೊತ್ತೇ ಅದ.

ದೇವದುರ್ಗದ ರೈತ
ಗೊತ್ತದ, ನಾನೂ ಹಾಕ್ಲಿಲ್ಲ. ಯಾಕ ಹಾಕಬೇಕು ಅಂತ ಅಂಗಡ್ಯಾಗ ಒಬ್ಬನೂ ಹೇಳ್ಲಿಲ್ಲ. ಸುತ್ತ ನಾಕು ಸಾಲು ಹುಳಕ್ಕ ಬಿಡ್ರಿ ಅಂದ್ರ ಎರಡೆಕರೆ ಇದ್ದಾವ ಹೆಂಗ ಬಿಟ್ಟಾನು? ಬರೇ ರೈತನ ಮ್ಯಾಲೆ ಹಾಕಬ್ಯಾಡ್ರಿ.

ರಾಯಚೂರು ಕೃಷಿ ಪದವೀಧರ
ಒಪ್ಪಿದೆ, ರೈತರ ಮ್ಯಾಲೆ ಹಾಕಂಗಿಲ್ಲ. ಕಾರಣ ಇನ್ನೂ ಅದಾವ. ನಮ್ಮಲ್ಲಿ ಬಿಟಿ ಅಂದ್ರ ಹೈಬ್ರಿಡ್ ಬೀಜ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜ ಎಲ್ಲಾ ಒಂದೇ ಥರ ಇರಂಗಿಲ್ಲ, ಒಂದೇ ಕಾಯಿಯಾಗ ವಿಷ ಇರೋ ಬೀಜ, ಇಲ್ಲದ ಬೀಜ ಕೂಡೇ ಇರ್ತಾವ. ಹುಳಕ್ಕ ಸಾಯೋವಷ್ಟು ಸಿಗದೆ ಅರೆಬರೆ ಸಿಗ್ತದ. ಮತ್ತ ನೀರಾವರಿ ಇದ್ದಲ್ಲಿ ಫೆಬ್ರುವರಿ, ಮಾರ್ಚ್ ತನಕ ಬೆಳೆ ಇಟ್ಕೋತೀವಿ, ಕಟ್ಟಿಗಿ ಹೊಲದ ಬದುವಿಗೆ ಒಟ್ಟತೀವಿ. ಹುಳಕ್ಕ ವರ್ಷಪೂರ್ತಿ ಮನಿ ಸಿಕ್ಕಂಗ ಆತು. 2002ರಾಗ ಮೊದಲ ಬಿಟಿ ಬಂತು, 2006ರಾಗ ಎರಡು ಜೀನಿಂದು ಬಂತು. 2010ರಾಗ ಗುಜರಾತಿನ ನಾಕು ಜಿಲ್ಲೆಯಾಗ ಮೊದಲಿನ ತಳಿಗೆ ಗುಲಾಬಿ ಕಾಯಿಕೊರಕ ಸಾಯಂಗಿಲ್ಲ ಅಂತ ಜಾಹೀರ ಆತು, ಎರಡನೇದೂ ಮುಂದ ನಾಕೈದು ವರ್ಷದಾಗ ಅದೇ ದಾರಿ ಹಿಡೀತು.

ಅಮೆರಿಕಾದಾಗ ಇದೇ ಹುಳ 2018ರಾಗ ನಿರ್ಮೂಲ ಆಗ್ಯದ ಅಂತ ಅವರ ಸರ್ಕಾರ ಘೋಷಣೆ ಮಾಡ್ತು. ಬಿಟಿ ಜೋಡಿ ಬಂಜೆ ಪತಂಗ ಬಿಟ್ಟು ಗೆದ್ರು. ಹುಳ ಒಂದೇ, ಬಿಟಿನೂ ಅದೇ. ವ್ಯತ್ಯಾಸ ಬಿದ್ದಿದ್ದು ಹುಳದ ಸಂತತಿ ಹೆಂಗ ಬದಲಾಗ್ತದ ಅನ್ನೋದನ್ನ ಲೆಕ್ಕದಾಗ ಇಟ್ಕೊಂಡು ಬೇಸಾಯ ಮಾಡಿದ್ದರಾಗ. ಈ ವಿಷಯ ಓದಿದೋರು ನಮ್ಮ ಜಿಲ್ಲೆಗೆ ಬೇಡ ಅಂತ ಯಾರಾದ್ರೂ ಅಂದ್ರ ನಾ ಒಪ್ಪಂಗಿಲ್ಲ.

ಸಿರುಗುಪ್ಪದ ಆಕಾಂಕ್ಷಿ
ಬೇಕು ಸರ್, ನಾನೂ ಬೇಡ ಅಂದಿಲ್ಲ. ಬೇಕು ಅನ್ನೋದು ಬೇರೆ, ಸಂಬಳ ಕೊಡೋದು ಬೇರೆ. ಅದಕ್ಕೆ ಉತ್ತರ ಹೇಳ್ರಿ.

ಕಂಪ್ಲಿ ನೀರುನಾಯಿ
ನಾನು ಹೇಳ್ತೀನಿ ತಂಗಿ, ನಾನು ಇದೇ ದಾರೀಲಿ ಹೋದವಳು. ಕಂಪ್ಲಿ ಹತ್ತಿರದ ಹಳ್ಳಿ ನಮ್ದು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೇಲಿ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆ ಅಂತ ಎರಡು ವರ್ಷದ ಎಂಎಸ್ಸಿ ಐತೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ ಒಳಗೆ. ಅಲ್ಲಿ ಓದಿದೆ. ಮೊದ್ಲು ತಿಳ್ಕೋಬೇಕಾದ್ದು ಏನಂದ್ರೆ, ಅದಕ್ಕೆ ಎರಡು ವರ್ಷಕ್ಕೊಂದು ಸಲ ಮಾತ್ರ ಸೇರಿಸ್ಕೊಳ್ತಾರೆ. ನೀನು ಪಾಸಾಗೋ ವರ್ಷ ಅಡ್ಮಿಷನ್ ಇಲ್ದೇ ಇರಬಹುದು. ಒಂದು ಬ್ಯಾಚಿಗೆ ಹದಿನೈದು ಇಪ್ಪತ್ತು ಮಂದಿ ಅಷ್ಟೆ, ಇಡೀ ದೇಶದಿಂದ. ಯಾವ ಡಿಗ್ರಿ ಆದ್ರೂ ನಡೀತದೆ, ನನ್ನ ಬ್ಯಾಚಲ್ಲಿ ಎಂಜಿನಿಯರಿಂಗ್ ಮಾಡಿದೋರು ಇದ್ರು. ಮೊದ್ಲು ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ.

ಸಂದರ್ಶನಕ್ಕೆ ಹೋದಾಗ ನನ್ನ ಇಂಗ್ಲಿಷ್ ತೊದಲಿತು. ಆದ್ರೆ ಅವರು ಕೇಳಿದ್ದು ನಮ್ಮ ಊರಿನ ಹೊಳೇಲಿ ನಾನು ಏನು ನೋಡಿದೀನಿ ಅಂತ. ಕಂಪ್ಲಿ ಹೊಳೆಗೆ ಬಟ್ಟೆ ಒಗಿಯೋಕೆ ಹೋದಾಗ ನೀರುನಾಯಿ ಗುಂಪಾಗಿ ಮೀನು ಅಟ್ಟಿಸ್ಕೊಂಡು ಬರೋದನ್ನ ಚಿಕ್ಕಂದಿನಿಂದ ನೋಡಿದ್ದೆ. ಮೀನುಗಾರರ ಬಲೆ ಹರಿದಾಗ ಅವರು ಬೈಯೋದನ್ನೂ ಕೇಳಿದ್ದೆ. ಅದನ್ನೇ ಹೇಳಿದೆ. ಎಷ್ಟು ಇದ್ವು, ಯಾವ ತಿಂಗಳಲ್ಲಿ ಮರಿ ಜೊತೆ ಕಂಡ್ವು, ನೀರು ಬಿಟ್ಟಾಗ ಎಲ್ಲಿ ಹೋಗ್ತಾವೆ ಅಂತ ಒಂದಾದ ಮೇಲೆ ಒಂದು ಕೇಳಿದ್ರು. ನನಗೆ ಗೊತ್ತಿದ್ದಿದ್ದು ಗೊತ್ತು ಅಂದೆ, ಇಲ್ಲದ್ದು ಇಲ್ಲ ಅಂದೆ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳೆನ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಮಾಡಿದ್ದು ದೇಶಕ್ಕೇ ಮೊದಲು ಅನ್ನೋದು ನನಗೆ ತಿಳಿದಿದ್ದೇ ಆಮೇಲೆ.

ಅಳು ಬಂದಿದ್ದು ಸ್ಟ್ಯಾಟಿಸ್ಟಿಕ್ಸ್‌ಗೆ. ಬಿಎಸ್ಸೀಲಿ ಗಣಿತ ಬಿಟ್ಟು ಬಂದಿದ್ವಲ್ಲ. ಎಕಾಲಜಿ ಅಂದ್ರೆ ಕಾಡು ಸುತ್ತೋದು ಅಂತ ತಿಳ್ಕೊಂಡು ಬರಬೇಡ. ಒಂದು ದಿನ ಸುತ್ತಿದ್ರೆ ನಾಲ್ಕು ದಿನ ಲೆಕ್ಕ. ಈಗಲೇ ಆರ್ ಅನ್ನೋ ಸಾಫ್ಟ್‌ವೇರ್ ಕಲಿ, ಪುಕ್ಕಟೆ ಸಿಗ್ತದೆ, ಕಾಲೇಜಿನ ಕಂಪ್ಯೂಟರಲ್ಲೂ ಓಡ್ತದೆ.

ಸಂಬಳ ಕೇಳಿದ ಅಣ್ಣನಿಗೆ: ನೆಟ್ ಪರೀಕ್ಷೇಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಆದ್ರೆ ತಿಂಗಳಿಗೆ 37,000, ಮೇಲೆ ಮನೆ ಬಾಡಿಗೆ. ಎರಡು ವರ್ಷದ ಮೇಲೆ 42,000. ಅದು ಪಿಎಚ್‌ಡಿ ಮಾಡೋ ತನಕ. ಪ್ರಾಜೆಕ್ಟ್ ಕೆಲಸದಲ್ಲಿ ಅದಕ್ಕಿಂತ ಕಡಿಮೆ, ಪ್ರಾಜೆಕ್ಟ್ ಮುಗಿದ್ರೆ ಕೆಲಸನೂ ಮುಗೀತು. ನಾನು ಎರಡು ಪ್ರಾಜೆಕ್ಟ್ ನಡುವೆ ಏಳು ತಿಂಗಳು ಮನೇಲಿ ಕೂತಿದ್ದೆ, ಅದನ್ನ ಮುಚ್ಚಿಡಲ್ಲ. ಆದ್ರೂ ಈಗ ಮನೆಗೆ ರೊಕ್ಕ ಕಳಿಸ್ತಿದೀನಿ.

ಲಿಂಗಸುಗೂರು ಅಕ್ಕ
ಹೆಣ್ಮಗಳು ಒಬ್ಬಾಕಿನೇ ಅಡವಿ ತಿರಗೋದು ಹೆಂಗ? ನನ್ನ ಮಗಳೂ ಇದೇ ಹಟ ಹಿಡದಾಳ, ಅದಕ್ಕ ಕೇಳ್ತೀನಿ. ತಪ್ಪು ತಿಳಕೋಬ್ಯಾಡ್ರಿ.

ಕಂಪ್ಲಿ ನೀರುನಾಯಿ
ತಪ್ಪೇನಿಲ್ಲ ಅಕ್ಕಾರೆ, ನಮ್ಮವ್ವನೂ ಇದೇ ಕೇಳಿದ್ಲು. ಒಬ್ಬಳೇ ಕಳಿಸಲ್ಲ. ಊರಿನ ಒಬ್ಬರು ಫೀಲ್ಡ್ ಅಸಿಸ್ಟೆಂಟ್ ಯಾವಾಗಲೂ ಜೊತೆ ಇರ್ತಾರೆ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಳಗೆ ಕಾಲಿಡೋ ಹಂಗಿಲ್ಲ. ನಾನು ಉಳಿದಿದ್ದು ಫೀಲ್ಡ್ ಅಸಿಸ್ಟೆಂಟ್ ಅಣ್ಣನ ಮನೇಲಿ, ಅವರ ಹೆಂಡತಿ ಮಕ್ಕಳ ಜೊತೆ. ಆದ್ರೆ ಸೇರೋ ಮುಂಚೆ ಒಂದು ಕೇಳಲೇಬೇಕು: ಗೈಡ್ ಹತ್ರ ಹಿಂದೆ ಓದಿದ ಹುಡುಗೀರು ಯಾರು, ಅವರ ಜೊತೆ ಫೋನಲ್ಲಿ ಮಾತಾಡಬಹುದಾ ಅಂತ. ಮಾತಾಡಿಸೋಕೆ ಹಿಂದೆಮುಂದೆ ನೋಡಿದ್ರೆ ಆ ಲ್ಯಾಬ್ ಬೇಡ. ಮಗಳು ನನ್ನ ಹತ್ರ ಮಾತಾಡಬೇಕಂದ್ರೆ ಸಂದೇಶ ಕಳಿಸಿ.

ಕೊಪ್ಪಳ ಜೂಆಲಜಿ ಮೇಷ್ಟ್ರು
ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಿದ್ದೇನೆ. ಇಲ್ಲಿ ಯಾರೂ ಹೇಳದ ಒಂದು ಸಂಗತಿ ಹೇಳಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆ ಕರೆಯುವುದು ವಿಷಯವಾರು. ಪ್ರಾಣಿಶಾಸ್ತ್ರದ ಹುದ್ದೆಗೆ ಪ್ರಾಣಿಶಾಸ್ತ್ರದ ಎಂಎಸ್ಸಿ. ನನ್ನ ಗೆಳೆಯ ವನ್ಯಜೀವಿ ವಿಷಯದಲ್ಲಿ ಎಂಎಸ್ಸಿ ಮಾಡಿ, ಉಪನ್ಯಾಸಕರ ಅರ್ಹತಾ ಪರೀಕ್ಷೆ ಸೆಟ್ ಪಾಸಾಗಿ ಅರ್ಜಿ ಹಾಕಿದ. ದಾಖಲೆ ಪರಿಶೀಲನೆಯಲ್ಲಿ "ಇದು ಪ್ರಾಣಿಶಾಸ್ತ್ರಕ್ಕೆ ಸಮ ಅಂತ ಪತ್ರ ತನ್ನಿ" ಎಂದರು. ಪತ್ರಕ್ಕಾಗಿ ಅವನು ನಾಲ್ಕು ತಿಂಗಳು ಓಡಾಡಿದ. ಪತ್ರ ಕೈಗೆ ಬರುವಷ್ಟರಲ್ಲಿ ಪಟ್ಟಿ ಹೊರಬಿದ್ದಿತ್ತು. ಆದ್ದರಿಂದ ಪಾಠ ಮಾಡುವ ಆಸೆ ಕಿಂಚಿತ್ತಾದರೂ ಇದ್ದರೆ ಎಂಎಸ್ಸಿ ಪ್ರಾಣಿಶಾಸ್ತ್ರವನ್ನೇ ಮಾಡಮ್ಮ. ಎಕಾಲಜಿಯನ್ನು ಡಿಸರ್ಟೇಶನ್‌ನಲ್ಲಿ, ಆಮೇಲೆ ಪಿಎಚ್‌ಡಿಯಲ್ಲಿ ಮಾಡಬಹುದು. ಸಿಎಸ್‌ಐಆರ್ ನೆಟ್ ಲೈಫ್ ಸೈನ್ಸಸ್‌ನಲ್ಲಿ ಹದಿಮೂರು ಘಟಕಗಳಿವೆ. ಹತ್ತನೆಯದು ಪರಿಸರ ತತ್ವಗಳು, ಹನ್ನೊಂದನೆಯದು ವಿಕಾಸ ಮತ್ತು ವರ್ತನೆ. ಗೇಟ್ ಪರೀಕ್ಷೆಯಲ್ಲಿ ಎಕಾಲಜಿ ಮತ್ತು ಎವಲ್ಯೂಷನ್ ಅಂತ ಪ್ರತ್ಯೇಕ ಪತ್ರಿಕೆಯೇ ಇದೆ. ಪ್ರಾಣಿಶಾಸ್ತ್ರ ಮಾಡಿದವರಿಗೆ ಅವೆಲ್ಲ ತೆರೆದೇ ಇರುತ್ತವೆ.

ಕಂಪ್ಲಿ ನೀರುನಾಯಿ
ಸರ್, ಗೌರವದಿಂದಲೇ ಹೇಳ್ತೀನಿ, ಅರ್ಧ ಒಪ್ತೀನಿ. ಎಂಎಸ್ಸಿ ಜೂಆಲಜೀಲಿ ಬಹಳ ಕಡೆ ಎವಲ್ಯೂಷನ್ ಅಂದ್ರೆ ಲಾಮಾರ್ಕ್, ಡಾರ್ವಿನ್, ಹಾರ್ಡಿ ವೈನ್‌ಬರ್ಗ್ ಸೂತ್ರ, ಮುಗೀತು. ನಮ್ಮೂರ ಬಂಡೆ ಮೇಲೆ ಕೆಂಪು ಬೆನ್ನಿನ ಓತಿಕ್ಯಾತ ಕೂತಿರ್ತದಲ್ಲ, ಹಂಪಿ, ಆನೆಗೊಂದಿ ಬಂಡೆ ಮೇಲೆಲ್ಲ ಇರೋದು? ಗಂಡು ಓತಿ ಹೆಣ್ಣನ್ನ ಕಂಡಾಗ ಒಂದು ಬಣ್ಣ, ಎದುರಾಳಿ ಗಂಡು ಕಂಡಾಗ ಒಂದು ಬಣ್ಣ, ಕೆಲವೇ ಸೆಕೆಂಡಲ್ಲಿ ಬದಲಾಯಿಸ್ತದೆ. ಅದೇ ಜಾತಿ ಓತಿ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯೋರು ಸಂಶೋಧನೆ ಮಾಡಿ, ಬೆಂಗಳೂರು ಊರೊಳಗಿನ ಓತಿ ಬಣ್ಣ ಹಳ್ಳಿ ಓತಿಗಿಂತ ಮಂಕು ಅಂತ ಬರೆದ್ರು. ನಾವು ಆ ಬಂಡೆ ಮೇಲೇ ಕೂತು ಊಟ ಮಾಡಿದೋರು, ಒಬ್ಬ ಮೇಷ್ಟ್ರೂ ಅದನ್ನ ತೋರಿಸಲಿಲ್ಲ.

ಕೊಪ್ಪಳ ಜೂಆಲಜಿ ಮೇಷ್ಟ್ರು
ತೋರಿಸಿದ್ದೇನಮ್ಮ. ಪ್ರತಿ ವರ್ಷ ಆನೆಗೊಂದಿಗೆ ನನ್ನ ಖರ್ಚಿನಲ್ಲೇ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ವಾರಕ್ಕೆ ಇಷ್ಟು ಗಂಟೆ ಎಂದು ಸಂಬಳ ಎಣಿಸುವ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಎಲ್ಲ ಮೇಷ್ಟ್ರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಂಪ್ಲಿ ನೀರುನಾಯಿ
ಕ್ಷಮಿಸಿ ಸರ್. ನಿಮ್ಮಂಥೋರು ನನಗೆ ಸಿಗಲಿಲ್ಲ ಅನ್ನೋ ನೋವಿನಲ್ಲಿ ಅಂದೆ.

ಶಂಕರಘಟ್ಟದ ಹಳೇ ವಿದ್ಯಾರ್ಥಿ
ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಾಗ ವನ್ಯಜೀವಿ ಎಂಎಸ್ಸಿ ಐತ್ರಿ, ನಾ ಕುಷ್ಟಗಿಯಿಂದ ಅಲ್ಲಿಗೆ ಹೋಗಿದ್ದೆ. ಭದ್ರಾ ಕಾಡು ಪಕ್ಕದಾಗ ಇರೋದ್ರಿಂದ ಫೀಲ್ಡಿಗೆ ಬರ ಇಲ್ಲ. ರಾಜ್ಯ ವಿಶ್ವವಿದ್ಯಾಲಯದ ಫೀ ನಮ್ಮಂಥೋರಿಗೆ ಹೊಂದತೈತಿ. ಮತ್ತ ಒಂದು ಮಾತು, 371ಜೆ ಸರ್ಟಿಫಿಕೇಟ್ ಈಗಲೇ ಮಾಡಿಸಿ ಇಟ್ಕೊ ತಂಗಿ. ಕಲ್ಯಾಣ ಕರ್ನಾಟಕದ ಒಳಗಿನ ಸಂಸ್ಥೆಗೆ ನೂರಕ್ಕ 70 ಸೀಟು ನಮ್ಮೋರಿಗೆ, ರಾಜ್ಯದ ಉಳಿದ ಕಡೆ ನೂರಕ್ಕ 8. ಬಹಳ ಮಂದಿ ಆ 8ರ ಸುದ್ದಿ ಗೊತ್ತಿಲ್ಲದ ಅರ್ಜಿಯಾಗ ಟಿಕ್ ಮಾಡೋದೇ ಇಲ್ಲ.

ಸಿರುಗುಪ್ಪದ ಆಕಾಂಕ್ಷಿ
ಎನ್‌ಸಿಬಿಎಸ್‌ಗೂ 371ಜೆ ನಡೀತದಾ?

ಶಂಕರಘಟ್ಟದ ಹಳೇ ವಿದ್ಯಾರ್ಥಿ
ಇಲ್ರಿ. ಅದು ಕೇಂದ್ರದ್ದು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೂ ನಡಿಯಂಗಿಲ್ಲ. ಪಾಂಡಿಚೇರಿ ವಿಶ್ವವಿದ್ಯಾಲಯದಾಗ ಎಕಾಲಜಿ ಮತ್ತು ಪರಿಸರ ವಿಜ್ಞಾನ ಎಂಎಸ್ಸಿ ಐತಿ, ಅದಕ್ಕ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು. ಅಲ್ಲೂ ಕೇಂದ್ರದ ಮೀಸಲಾತಿ ಲೆಕ್ಕ.

ಜ್ಯಾಮ್ ಬರೆದವನು
ಐಐಎಸ್‌ಸಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿ (ಎಂಎಸ್ಸಿ, ಪಿಎಚ್‌ಡಿ ಎರಡೂ ಕೂಡಿದ್ದು) ಯಾರೂ ಹೇಳ್ಲಿಲ್ಲ. ಬಿಎಸ್ಸಿ ಆದ ಮೇಲೆ ಜ್ಯಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಹೋಗಬಹುದು. ಸೇರಿದಾಗಿನಿಂದಲೇ ಸ್ಟೈಪೆಂಡ್, ಎಂಎಸ್ಸಿ ಫೀ ಚಿಂತೆ ಇಲ್ಲ. ಅಲ್ಲಿನ ಪರಿಸರ ವಿಜ್ಞಾನ ಕೇಂದ್ರ 1983ರಲ್ಲಿ ಮಾಧವ ಗಾಡ್ಗೀಳರು ಕಟ್ಟಿದ್ದು. ರಾಘವೇಂದ್ರ ಗದಗಕರ್ ಅವರು ಅಲ್ಲೇ ಕಾಗದದ ಗೂಡು ಕಟ್ಟೋ ಕಣಜದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ರು, ರಾಣಿ ಸತ್ತರೆ ಮುಂದಿನ ರಾಣಿ ಯಾರು ಅನ್ನೋದರ ಮೇಲೆ. ನಮ್ಮ ಮನೆ ಮಾಡಿನ ಕೆಳಗೆ ಗೂಡು ಕಟ್ಟಿದ್ರೆ ನಾವು ಸೀಮೆಎಣ್ಣೆ ಹಾಕಿ ಸುಡ್ತೀವಿ, ಅದೇ ಹುಳ. ಜ್ಯಾಮ್ ಫೆಬ್ರುವರೀಲಿ, ಅರ್ಜಿ ಹಿಂದಿನ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ನಾನು ಮೊದಲ ಸಲ ಅರ್ಜಿ ತಾರೀಖು ತಪ್ಪಿಸ್ಕೊಂಡು ವರ್ಷ ಕಳ್ಕೊಂಡೆ.

ಬಳ್ಳಾರಿಯವ, ಈಗ ಮ್ಯೂನಿಕ್
ಹೊರದೇಶದ ಮಾತು ಬರಲಿಲ್ಲ, ಅದಕ್ಕೆ ಹೇಳ್ತೀನಿ. ಜರ್ಮನೀಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಇಲ್ಲ. ಆದ್ರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥೋರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್ಕಿನ ಎಲ್‌ಎಂಯು ವಿಶ್ವವಿದ್ಯಾಲಯದಲ್ಲಿ ವಿಕಾಸ, ಎಕಾಲಜಿ, ವರ್ಗೀಕರಣ ಮೂರೂ ಸೇರಿದ ಮಾಸ್ಟರ್ಸ್ ಐತೆ, ಇಂಗ್ಲಿಷಲ್ಲೇ. ಯುರೋಪಿನ ಎರಾಸ್ಮಸ್ ಮುಂಡುಸ್ ಯೋಜನೆ ಅಡಿಯಲ್ಲಿ ಮೀಮ್ ಅನ್ನೋ ವಿಕಾಸ ಜೀವಶಾಸ್ತ್ರದ ಕೋರ್ಸ್ ಐತೆ, ಗ್ರೋನಿಂಗನ್, ಮಾಂಪೆಲಿಯೆ, ಮ್ಯೂನಿಕ್, ಉಪ್ಸಲಾ ನಾಲ್ಕು ಊರು ಸೇರಿ ನಡೆಸೋದು. ಅದರ ವಿದ್ಯಾರ್ಥಿವೇತನ ಸಿಕ್ಕರೆ ಮನೆಯಿಂದ ಏನೂ ಕೇಳಬೇಕಿಲ್ಲ.

ಆದ್ರೆ ಶುಲ್ಕ ಇಲ್ಲ ಅಂದ ಕೂಡ್ಲೆ ಪುಕ್ಕಟೆ ಅಂತ ತಿಳೀಬೇಡ. ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚು ಅಂತ 11,904 ಯೂರೋ ಬ್ಯಾಂಕಲ್ಲಿ ತೋರಿಸಬೇಕು. ಹತ್ತು ಲಕ್ಷದ ಮೇಲಾಯ್ತು. ಬಳ್ಳಾರೀಲಿ ಒಬ್ಬ ಏಜೆಂಟ್ ನನ್ನ ಹತ್ರ ಅರ್ಜಿ ತುಂಬೋಕೇ ಎಂಬತ್ತು ಸಾವಿರ ಇಸ್ಕೊಂಡ. ಆ ಅರ್ಜಿ ನಾನೇ ಎರಡು ಸಂಜೇಲಿ ತುಂಬಬಹುದಿತ್ತು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಅನ್ನೋ ಹೊರದೇಶದ ವಿದ್ಯಾರ್ಥಿವೇತನ ಯೋಜನೆ ಐತೆ, ನೇರ ಇಲಾಖೆಗೇ ಹೋಗಿ ಕೇಳ್ರಿ.

ಅಮೆರಿಕಾದಲ್ಲಿ ಪ್ರಿನ್ಸ್‌ಟನ್, ಕಾರ್ನೆಲ್, ಮಿಷಿಗನ್ ಇಂಥ ಕಡೆ ಎಕಾಲಜಿ ಮತ್ತು ವಿಕಾಸ ಜೀವಶಾಸ್ತ್ರ ಅನ್ನೋ ಹೆಸರಿನ ವಿಭಾಗಗಳೇ ಅವೆ. ಅಲ್ಲಿ ರೊಕ್ಕ ಸಿಗೋದು ಹೆಚ್ಚಾಗಿ ಪಿಎಚ್‌ಡಿಗೆ. ಡಿಗ್ರಿ ಆದ ಮೇಲೆ ನೇರ ಪಿಎಚ್‌ಡಿಗೆ ಹಾಕಬಹುದು, ಆದ್ರೆ ಮೊದ್ಲು ಪ್ರೊಫೆಸರಿಗೆ ಬರೆದು, ಅವರ ಪ್ರಬಂಧ ಓದಿ, ನಿನ್ನ ಪ್ರಶ್ನೆ ಏನು ಅಂತ ಹೇಳಬೇಕು. ಈ ತಂಗಿಗೆ ಪ್ರಶ್ನೆ ಈಗಾಗ್ಲೇ ಐತೆ, ಅವರಪ್ಪ ಕೊಟ್ಟಾರೆ.

ಕನಕಗಿರಿ ಕುರಿಮಂದಿ
ನಂದೊಂದು ಮಾತು. ನಾ ಡಿಗ್ರಿ ಓದಿಲ್ಲ, ಕುರಿ ಅದಾವ. ಗಂಗಾವತಿ ತಾಲೂಕಿನ ಬಂಕಾಪುರದಾಗ ತೋಳಧಾಮ ಅಂತ ಮಾಡ್ಯಾರ. ಮೊದಲು ನಮ್ಮನ್ನ ಯಾರೂ ಕೇಳ್ಲಿಲ್ಲ. ಆಮ್ಯಾಲೆ ಕಾಲೇಜು ಹುಡುಗ್ರು ಇಬ್ಬರು ಬಂದು ನಮ್ಮ ಹಟ್ಟಿಯಾಗ ಹದಿನೈದು ದಿನ ಇದ್ರು. ವರ್ಷಕ್ಕ ಎಷ್ಟು ಮರಿ ತೋಳ ಒಯ್ತೈತಿ, ಎಷ್ಟು ಬೀದಿನಾಯಿ ಹರಿತಾವ, ಎಷ್ಟು ರೋಗಕ್ಕ ಸಾಯ್ತಾವ ಅಂತ ಬರ್ಕೊಂಡ್ರು. ನಾವು ಎಲ್ಲಾ ತೋಳದ ಲೆಕ್ಕಕ್ಕೇ ಹಾಕ್ತಿದ್ವಿ. ಕೂಡಿಸಿ ನೋಡಿದ್ರ ನಮ್ಮ ಹಟ್ಟಿಯಾಗ ಆ ವರ್ಷ ನಾಯಿ ಹರದಿದ್ದೇ ಹೆಚ್ಚು. ಇಂಥಾ ಓದು ಓದೋರು ಬರ್ಲಿ. ಆದ್ರ ಬರ್ಕೊಂಡು ಹೋದೋರು ತಿರುಗಿ ಬಂದು ಏನು ಬರದ್ರು ಅಂತ ಕನ್ನಡದಾಗ ಹೇಳ್ಬೇಕು. ಅವರು ಮತ್ತ ಬರ್ಲಿಲ್ಲ.

ಎರಿಹೊಲದಾಕಿ
ಅಣ್ಣಾರ, ಈ ಮಾತು ನಾ ಮರಿಯಂಗಿಲ್ಲ.

ಸಂಡೂರು ಗುಡ್ಡ
ನಮ್ಮ ಕಡೆ ಕೆಲಸ ಇಲ್ಲ ಅನ್ನೋ ಮಾತಿಗೆ ಉತ್ತರ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿದ ಮೇಲೆ, ಗಣಿಯಿಂದ ಕೆಟ್ಟ ಜಾಗ ಸರಿ ಮಾಡೋಕೆ ಸಾವಿರಾರು ಕೋಟಿ ಎತ್ತಿಟ್ಟಾರೆ. ಪ್ರತಿ ಗಣಿಗೂ ಪರಿಸರ ಪರಿಣಾಮದ ವರದಿ ಬೇಕು, ಪುನಶ್ಚೇತನ ಯೋಜನೆ ಬೇಕು. ಆ ವರದಿ ಬರೆಯೋರು ಹೊರಗಿಂದ ಬರ್ತಾರೆ. ಒಂದು ವರದೀಲಿ ನಮ್ಮ ಗುಡ್ಡದ ಹುಲ್ಲುಗಾವಲನ್ನ "ಪಾಳು ಭೂಮಿ" ಅಂತ ಬರೆದಿದ್ದನ್ನ ನಾನೇ ಓದೀನಿ. ಆ ಹುಲ್ಲಲ್ಲಿ ಕುರಿಂಜಿ ಅರಳ್ತದೆ, ಬಂಡೆ ಸಂದೀಲಿ ಹಳದಿ ಕೊರಳಿನ ಪಿಕಳಾರ ಐತೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಜಗತ್ತಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಪಾಳು ಅಂತ ಬರೆದ್ರೆ ಅಲ್ಲಿ ಗುಂಡಿ ತೋಡಿ ಸಸಿ ನೆಡ್ತಾರೆ, ಹುಲ್ಲೂ ಹೋಗ್ತದೆ ಹಕ್ಕೀನೂ ಹೋಗ್ತದೆ. ಗೊತ್ತಿರೋರು ಒಬ್ಬರು ಆ ವರದಿ ಬರೆದಿದ್ರೆ?

ಸಿರುಗುಪ್ಪದ ಆಕಾಂಕ್ಷಿ
ಹುಲ್ಲುಗಾವಲು ಅಂದ್ರಲ್ಲ, ನಮ್ಮ ತಾಲೂಕಿನ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೆನಪಾಯ್ತು. ನಮ್ಮಜ್ಜ ಹೇಳ್ತಿದ್ರು, ಎರಿ ಹೊಲದಾಗೆ ಕುರಿಮರಿ ಎತ್ತರ ಹಕ್ಕಿ, ಜೋಳದ ಕೂಳೆ ಒಳಗೆ ಓಡಾಡೋದು ಅಂತ. ಈಗ ಇಡೀ ದೇಶದಲ್ಲಿ ನೂರೈವತ್ತು ಉಳಿದಿದ್ರೆ ಹೆಚ್ಚು ಅಂತಾರೆ. ನಮ್ಮಲ್ಲಿ ಬೆರಳೆಣಿಕೆ. ನಾನು ಒಂದೂ ನೋಡಿಲ್ಲ.

ರಾಯಚೂರು ಕೃಷಿ ಪದವೀಧರ
ಸಲಕ್ಕ ಒಂದೇ ತತ್ತಿ ಇಡ್ತದ, ಅದೂ ನೆಲದ ಮ್ಯಾಲೆ. ಒಣ ಬೇಸಾಯದ ಹೊಲ, ಹುಲ್ಲು ಬಯಲು ಎರಡೂ ಕೂಡಿ ಇರೋ ಜಾಗ ಬೇಕು ಅದಕ್ಕ. ಕಾಲುವೆ ಬಂದು ಭತ್ತ ಆದ ಮ್ಯಾಲೆ ಎಲ್ಲಿ ಇರಬೇಕು?

ಗಂಗಾವತಿ ಭತ್ತ
ಅಂದ್ರ ಕಾಲುವೆ ಬರಬಾರದಿತ್ತು ಅಂತೀರಾ? ತುಂಗಭದ್ರಾ ಡ್ಯಾಮ್ ಬರೋಕ ಮೊದಲ ಈ ಕಡೆ ಬರಗಾಲಕ್ಕ ಮಂದಿ ಊರು ಬಿಟ್ಟು ಹೋಗ್ತಿದ್ರು. ಹಕ್ಕಿ ಸಲುವಾಗಿ ನಮ್ಮ ಹೊಟ್ಟಿ ಒಣಗಿಸಬ್ಯಾಡ್ರಿ.

ರಾಯಚೂರು ಕೃಷಿ ಪದವೀಧರ
ಹಂಗ ಅಂದಿಲ್ರಿ. ನಮ್ಮನಿ ಊಟನೂ ಅದೇ ನೀರಿಂದು. ಉಳಿದಿರೋ ಒಣ ಬಯಲಾದ್ರೂ ಬಯಲಾಗಿ ಇರ್ಲಿ ಅಂದೆ.

ಸಂಡೂರು ಗುಡ್ಡ
ಬಯಲು ತಿನ್ನೋದು ಭತ್ತ ಒಂದೇ ಅಲ್ಲ, ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದ್ದ ಮಾತ್ರಕ್ಕೆ ನಮ್ದಲ್ಲ. ಅಮೆರಿಕಾ ಖಂಡದ ಗಿಡ ಅದು, 1877ರಲ್ಲಿ ಕಡಪ ಕಡೆ ಬೀಜ ತರಿಸಿ ಹಾಕಿದ್ರು.

ಕನಕಗಿರಿ ಕುರಿಮಂದಿ
ಬೇಸಿಗಿಯಾಗ ನಮ್ಮ ಕುರಿ ಬದುಕಿದ್ದೇ ಆ ಜಾಲಿ ಕಾಯಿ ಮ್ಯಾಲೆ. ಕಟ್ಟಿಗಿ ಅದೇ, ಇದ್ದಲಿ ಅದೇ. ಕಡಿದು ಹಾಕ್ರಿ ಅನ್ನೋರು ನಮಗ ಬದಲಿ ಏನು ಕೊಡ್ತೀರಿ?

ಸಂಡೂರು ಗುಡ್ಡ
ಅದೂ ನಿಜ. ಆ ಕಾಯಿ ತಿಂದ ಕುರಿ ಹಿಕ್ಕೇಲೇ ಬೀಜ ಊರೂರಿಗೆ ಹೋಗೋದೂ ನಿಜ. ತಂಗಿ, ಡಿಸರ್ಟೇಶನ್‌ಗೆ ವಿಷಯ ಬೇಕಂದ್ರೆ ಇದು ತಗೋ. ಯಾವ ಬಯಲಲ್ಲಿ ತೆಗೀಬೇಕು, ಯಾವ ಹಳ್ಳಿಗೆ ಎಷ್ಟು ಬಿಡಬೇಕು ಅನ್ನೋದನ್ನ ಕುರಿಯೋರ ಜೊತೆ ಕೂತು ಲೆಕ್ಕ ಹಾಕಿದೋರು ಬೇಕಾಗೈತೆ.

ಲಿಂಗಸುಗೂರು ಅಕ್ಕ
ನನ್ನ ಮಗಳು ಕೇಳ್ತಾಳ, ದರೋಜಿ ಕರಡಿಧಾಮದ ಕರಡಿಗೆ ಮುಂದಿನ ಹಲ್ಲು ಇಲ್ಲಂತಲ್ಲ, ಖರೇನಾ?

ಕೊಪ್ಪಳ ಜೂಆಲಜಿ ಮೇಷ್ಟ್ರು
ಮೇಲಿನ ದವಡೆಯ ನಡುವಿನ ಎರಡು ಬಾಚಿ ಹಲ್ಲು ಇರುವುದಿಲ್ಲ ತಾಯಿ. ಆ ಸಂದಿನಿಂದ ಗೆದ್ದಲನ್ನು ಸೊರ್ ಎಂದು ಎಳೆದುಕೊಳ್ಳುತ್ತದೆ. ಮಣ್ಣು ನುಗ್ಗದಂತೆ ಮೂಗಿನ ಹೊಳ್ಳೆಯನ್ನೂ ಮುಚ್ಚಿಕೊಳ್ಳಬಲ್ಲದು. ಉದ್ದ ಉಗುರು ನೋಡಿ 1791ರಲ್ಲಿ ಇಂಗ್ಲೆಂಡಿನವರು ಇದನ್ನು ಸ್ಲಾತ್ ಎಂಬ ಬೇರೆಯೇ ಪ್ರಾಣಿಯ ಗುಂಪಿಗೆ ಸೇರಿಸಿಬಿಟ್ಟಿದ್ದರು. ಮಗಳಿಗೆ ಹೇಳಿ, ವಿಕಾಸ ಎಂದರೆ ಇಂಥದ್ದನ್ನು ಯಾಕೆ ಎಂದು ಕೇಳುವುದು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯಿಂದ ವಿಕಾಸದ ಪಾಠ ತೆಗೆದಾಗ ನನಗೆ ನಿದ್ದೆ ಬರಲಿಲ್ಲ. ಹತ್ತಕ್ಕೇ ವಿಜ್ಞಾನ ಬಿಡುವ ಮಗುವಿಗೆ ಈ ಪ್ರಶ್ನೆ ಮತ್ತೆ ಯಾರು ಕೇಳುತ್ತಾರೆ?

ಸಿರುಗುಪ್ಪದ ಆಕಾಂಕ್ಷಿ
ತಂಗಿ, ನಾನು ಮೊದ್ಲು ಬಿಎಡ್ ಅಂದಿದ್ದೆ. ಒಂದು ಸೇರಿಸ್ತೀನಿ. ಐಎಫ್‌ಎಸ್ ಅಂದ್ರೆ ಅರಣ್ಯ ಸೇವೆ ಪರೀಕ್ಷೆಗೆ ಡಿಗ್ರೀಲಿ ಪ್ರಾಣಿಶಾಸ್ತ್ರ ಇಲ್ಲಾ ಸಸ್ಯಶಾಸ್ತ್ರ ಇದ್ರೆ ಸಾಕು, ನಿನಗೆ ಎರಡೂ ಐತೆ. ಎಂಎಸ್ಸಿ ಯಾವುದಾದ್ರೂ ಆ ಬಾಗಿಲು ಮುಚ್ಚಲ್ಲ. ನಿಮ್ಮಪ್ಪಗೆ ಹೇಳೋಕೆ ಇದು ಉಪಯೋಗಕ್ಕೆ ಬರಬಹುದು.

ಎರಿಹೊಲದಾಕಿ
ನಾಕು ದಿನ ಆದ ಮ್ಯಾಲೆ ಬರೀಲಿಕತ್ತೀನಿ, ಊರಿಗೆ ಹೋಗಿದ್ದೆ. ಎಲ್ಲಾ ಉತ್ತರ ಅಪ್ಪಗ ಓದಿ ಹೇಳ್ದೆ. ದೇವದುರ್ಗದ ಅಣ್ಣಾರ ಮಾತು ಬಂದಾಗ "ಖರೇ ಅದ" ಅಂದ್ರು. 120 ಗ್ರಾಂ ಪಾಕೀಟು ನಮ್ಮ ಮನ್ಯಾಗ ಎಮ್ಮಿಗೆ ಹಾಕಿದ್ರಂತ. ಅದು ಯಾಕಿತ್ತು ಅಂತ ನಾ ಜೋಳದ ಕಾಳು, ಕಡ್ಲಿ ಕಾಳು ಇಟ್ಟು ತೋರಿಸ್ದೆ, ಕಡ್ಲಿ ಅಂದ್ರ ಗಟ್ಟಿ ಹುಳ ಅಂತ. ಎರಡು ಸಲ ಆಡಿಸಿ ನೋಡಿದ್ರು. ಆಮ್ಯಾಲೆ ಬದುವಿಗೆ ಒಟ್ಟಿದ ಹತ್ತಿ ಕಟ್ಟಿಗಿ ಈ ಸಲ ಜನವರಿಯಾಗೇ ತೆಗಿಯೋಣ ಅಂದ್ರು. ಓದಿನ ಬಗ್ಗೆ ಏನೂ ಅನ್ಲಿಲ್ಲ. ರಾತ್ರಿ ಊಟಕ್ಕ ಕುಂತಾಗ "ಆ ಪರೀಕ್ಷೆಗೆ ಫೀ ಎಷ್ಟಂತ?" ಅಂತ ಕೇಳಿದ್ರು.

ಸಧ್ಯಕ್ಕ ಇಷ್ಟು ತೀರ್ಮಾನ ಮಾಡೀನಿ. ಬಳ್ಳಾರಿ ಎಂಎಸ್ಸಿ ಜೂಆಲಜಿಗೂ, ಶಂಕರಘಟ್ಟಕ್ಕೂ ಅರ್ಜಿ ಹಾಕ್ತೀನಿ, ಎರಡೂ 371ಜೆಯಾಗ. ಜ್ಯಾಮ್ ಅರ್ಜಿ ತಪ್ಪಿಸಂಗಿಲ್ಲ. ಎನ್‌ಸಿಬಿಎಸ್ ಕರದ ವರ್ಷ ಬರೀತೀನಿ, ಎಂಎಸ್ಸಿ ನಡುವ ಇದ್ರೂ ಬರೀತೀನಿ. ಒಂದು ಕೇಳೋದದ: ಸ್ಟ್ಯಾಟಿಸ್ಟಿಕ್ಸ್ ಮೊದಲಿಂದ ಕಲಿಯೋಕ ಯಾರ ಹತ್ರಾದ್ರೂ ಹಳೇ ನೋಟ್ಸ್ ಅದಾವ? ಇಂಗ್ಲಿಷ್ ಆದ್ರೂ ಅಡ್ಡಿಲ್ಲ.

ಕಂಪ್ಲಿ ನೀರುನಾಯಿ
ನನ್ನ ಎರಡು ನೋಟ್‌ಬುಕ್ ಅವೆ, ಅಂಚಲ್ಲಿ ಕನ್ನಡದಲ್ಲಿ ಅರ್ಥ ಬರ್ಕೊಂಡೀನಿ. ಭಾನುವಾರ ಬಳ್ಳಾರಿಗೆ ಬರ್ತಿದೀನಿ, ನಿನ್ನ ಹಾಸ್ಟೆಲ್ ಗೇಟಲ್ಲಿ ಕೊಟ್ಟು ಹೋಗ್ತೀನಿ. ಲ್ಯಾಪ್‌ಟಾಪ್ ಇದ್ರೆ ಜೊತೆಗೆ ಇಟ್ಕೊ, ಆರ್ ಹಾಕಿ ಕೊಡ್ತೀನಿ.

ಎರಿಹೊಲದಾಕಿ
ಲ್ಯಾಪ್‌ಟಾಪ್ ಇಲ್ಲ ಅಕ್ಕಾರ. ರೂಮ್‌ಮೇಟ್‌ದು ಅದ, ಕೇಳಿ ಇಟ್ಕೊಂಡಿರ್ತೀನಿ. ಮಧ್ಯಾಹ್ನ ಊಟ ನಮ್ಮ ಹಾಸ್ಟೆಲ್‌ನ್ಯಾಗೇ ಮಾಡ್ರಿ.

ದೇವದುರ್ಗದ ರೈತ
ಯವ್ವಾ, ಆ ಜೋಳದ ಕಾಳು, ಕಡ್ಲಿ ಕಾಳಿನ ಆಟ ಮುಂದಿನ ಸೂಟಿಗೆ ನಮ್ಮ ಊರಿಗೂ ಬಂದು ಆಡಿಸು. ಹತ್ತಿಪ್ಪತ್ತು ಮಂದಿ ಕೂಡಸ್ತೀನಿ.